ಒಬ್ಬಳೇ ಕಾಡು ಬೆಟ್ಟಕ್ಕೆ ಹೋಗೋಕೆ ನಾನು ರೆಡಿ ಇದೀನಾ ಅಂತ ಹೇಗೆ ಗೊತ್ತಾಗತ್ತೆ?

ಪ್ರಶ್ನೆ: ಮೂರ್ನಾಲ್ಕು ವರ್ಷದಿಂದ ಗ್ರೂಪ್ ಜೊತೆ ಟ್ರೆಕ್ ಮಾಡ್ತಿದೀನಿ. ಈಗ ಒಬ್ಳೇ ಬ್ಯಾಗ್ ಹಾಕ್ಕೊಂಡು ಎರಡು ಮೂರು ದಿನ ಟೆಂಟಲ್ಲಿ ಇದ್ದು ಬರ್ಬೇಕು ಅಂತ ತುಂಬಾ ಆಸೆ. ಆದ್ರೆ ರಾತ್ರಿ ನೆನೆಸ್ಕೊಂಡ್ರೆ ಎದೆ ಡವಡವ ಅನ್ನತ್ತೆ. ಭಯ ಪೂರ್ತಿ ಹೋದ್ಮೇಲೆ ಹೋಗೋದಾ, ಅಥ್ವಾ ಹೋಗ್ತಾ ಹೋಗ್ತಾ ಭಯ ಹೋಗತ್ತಾ? ಅಷ್ಟು ಹೊತ್ತು ಯಾರೂ ಇಲ್ದೆ ತಲೆ ಕೆಡಲ್ವಾ? ಮನೇಲಂತೂ ಯಾರೂ ಒಪ್ತಿಲ್ಲ, ಅವ್ರಿಗೆ ಏನಂತ ಹೇಳ್ಲಿ?

ಉತ್ತರ: ಭಯ ಹೋಗ್ಲಿ ಅಂತ ಕಾಯ್ತಾ ಕೂರ್ಬೇಡಿ, ಅದು ಪೂರ್ತಿ ಹೋಗಲ್ಲ. ನಾನು ಜನರನ್ನ ಬೆಟ್ಟಕ್ಕೆ ಕರ್ಕೊಂಡು ಹೋಗೋ ಕೆಲಸ ಮಾಡೋಳು, ಬಿಡುವು ಸಿಕ್ಕಾಗ ಒಬ್ಳೇ ಹೋಗೋಳು, ಇವತ್ತಿಗೂ ಮೊದಲ್ನೇ ರಾತ್ರಿ ಟೆಂಟ್ ಝಿಪ್ ಎಳೆದ್ಮೇಲೆ ಸ್ವಲ್ಪ ಹೊತ್ತು ಕಿವಿ ನಿಮಿರಿಸ್ಕೊಂಡೇ ಮಲಗಿರ್ತೀನಿ. ಅದಿರ್ಲಿ. ನಿಮ್ಮ ಪ್ರಶ್ನೇಲಿ ಭಯ ಇದೆ, ರಾತ್ರಿ ಇದೆ, ಮನೆಯವರಿದ್ದಾರೆ, ಆದ್ರೆ ನನ್ ಪ್ರಕಾರ ಬರ್ಲೇಬೇಕಿದ್ದ ಒಂದ್ ವಿಷಯ ಬಂದಿಲ್ಲ. ಇಷ್ಟು ವರ್ಷ ಗ್ರೂಪಲ್ಲಿ ನಿಮ್ಮನ್ನ ಕಾಪಾಡ್ತಿದ್ದದ್ದು ಏನು ಹೇಳಿ? ಜನ ಜಾಸ್ತಿ ಇದ್ರೆ ಪ್ರಾಣಿ ಹತ್ರ ಬರಲ್ಲ ಅಂತೀರಾ, ಅದು ಸರಿ, ಆದ್ರೆ ಅದಕ್ಕಿಂತ ದೊಡ್ಡದು ‘ಯಾಕೋ ಮೋಡ ಕಟ್ತಿದೆ ಕಣ್ರೋ, ಸಾಕು ಇಳಿಯೋಣ’ ಅನ್ನೋ ಇನ್ನೊಂದು ಬಾಯಿ. ಆ ಮಾತನ್ನ ನೀವು ಒಪ್ಪಿರಬಹುದು, ಜಗಳ ಆಡಿರಬಹುದು, ಬೈಕೊಂಡು ಇಳಿದಿರಬಹುದು, ಆದ್ರೆ ಅದು ಇತ್ತು. ಒಬ್ರೇ ಹೋದಾಗ ಕೈ ತಪ್ಪೋದು ಅದು. ಹಾಗಾಗಿ ಯಾರಾದ್ರೂ ‘ನಾನು ರೆಡಿನಾ’ ಅಂತ ಕೇಳಿದ್ರೆ ನಾನು ಧೈರ್ಯದ ಬಗ್ಗೆ ಕೇಳಲ್ಲ, ಆ ಇನ್ನೊಂದು ಬಾಯಿ ಕೆಲಸ ಯಾರು ಮಾಡ್ತಾರೆ ಅಂತ ಕೇಳ್ತೀನಿ.

ರಾತ್ರಿ ವಿಷಯ ಮೊದ್ಲು ಮುಗಿಸ್ಬಿಡೋಣ, ಯಾಕಂದ್ರೆ ಅದು ಅನಿಸೋವಷ್ಟು ದೊಡ್ಡದಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ಯೂನಿವರ್ಸಿಟಿಯವರು ಹೊಸ ಜಾಗದಲ್ಲಿ ಮಲಗಿದೋರ ಮೆದುಳನ್ನ ಅಳತೆ ಮಾಡಿ ನೋಡಿದ್ರು, ಮೊದಲ್ನೇ ರಾತ್ರಿ ಗಾಢ ನಿದ್ದೇಲೂ ಮೆದುಳಿನ ಎಡಭಾಗ ಬಲಭಾಗದಷ್ಟು ಆಳಕ್ಕೆ ಇಳಿಯಲ್ಲ, ಅಪರೂಪದ ಸದ್ದು ಬಂದ್ರೆ ಬೇಗ ಎಚ್ಚರ ಆಗತ್ತೆ, ಮುಂದಿನ ಸಲ ಅದೇ ಜಾಗದಲ್ಲಿ ಮಲಗಿದಾಗ ಆ ವ್ಯತ್ಯಾಸ ಕಾಣಲ್ಲ ಅಂತ ಗೊತ್ತಾಯ್ತು. ಅವ್ರು ಅದನ್ನ ನೋಡಿದ್ದು ಲ್ಯಾಬಲ್ಲಿ, ಹಾಸಿಗೆ ಮೇಲೆ. ಅಲ್ಲೇ ಹಾಗಾದ್ರೆ ಕಾಡಿನ ಮಧ್ಯ ತೆಳು ನೈಲಾನ್ ಬಟ್ಟೆ ಒಳಗೆ ಹೇಗಿರ್ಬೇಡ? ಅಂದ್ರೆ ನೀವು ಹೆದರುಪುಕ್ಕಲಿ ಅಂತಲ್ಲ, ಮೈಯೇ ಅರ್ಧ ಕಾವಲು ಕೂತಿದೆ ಅಷ್ಟೆ. ಒಣಗಿದ ಎಲೆ ಮೇಲೆ ಇಲಿ ಓಡಿದ್ರೂ ಆನೆ ಬಂದ ಹಾಗೆ ಕೇಳತ್ತೆ. ನಾನು ಮಾಡೋದು ಇಷ್ಟೇ, ಬೆಳಕಿದ್ದಾಗ್ಲೇ ಟೆಂಟ್ ಹಾಕಿ ಸುತ್ತ ಒಂದು ರೌಂಡ್ ನಡೆದು, ಯಾವ ಕಡೆ ನೀರು, ಯಾವ ಕಡೆ ಪೊದೆ, ಒಣಗಿ ನಿಂತಿರೋ ಮರದ ಕೆಳಗೆ ಏನಾದ್ರೂ ಇದೀನಾ, ಪ್ರಾಣಿ ಓಡಾಡಿರೋ ಜಾಡು ಇದ್ಯಾ, ಎಲ್ಲ ನೋಡ್ಕೊಂಡ್ಬಿಡ್ತೀನಿ. ತಿನ್ನೋದು, ವಾಸನೆ ಬರೋ ಸೋಪು ಪೇಸ್ಟು ಯಾವ್ದೂ ಟೆಂಟ್ ಒಳಗೆ ಇಡಲ್ಲ, ಆ ಜಾಗದಲ್ಲಿ ಹೇಗೆ ಇಡೋದು ರೂಢಿನೋ ಹಾಗೆ ದೂರ ಇಡ್ತೀನಿ. ಕಣ್ಣಿಗೆ ಪರಿಚಯ ಆದ ಜಾಗದಿಂದ ಬರೋ ಸದ್ದಿಗೆ ಮನಸ್ಸು ಕಥೆ ಕಟ್ಟೋದು ಕಮ್ಮಿ. ಇಯರ್‌ಫೋನ್ ಹಾಕ್ಕೊಂಡು ಮಲಗೋರಿದ್ದಾರೆ, ನಂಗೆ ಆಗಲ್ಲ, ಏನೂ ಕೇಳದೇ ಇರೋದೇ ನಂಗೆ ಹೆಚ್ಚು ದಿಗಿಲು.

ಪ್ರಾಣಿ ಭಯದ ಬಗ್ಗೆ ಇನ್ನೊಂದ್ ಮಾತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಗೋ ಸಾವುಗಳ ಲೆಕ್ಕ ನೋಡಿದ್ರೆ ಮೇಲೆ ಇರೋದು ವಾಹನ ಅಪಘಾತ, ನೀರಲ್ಲಿ ಮುಳುಗೋದು, ಎತ್ತರದಿಂದ ಬೀಳೋದು. ಕರಡಿ ತೋಳ ಎಲ್ಲ ಬಹಳ ಕೆಳಗೆ. ಹಾಗಂತ ದೊಡ್ಡ ಪ್ರಾಣಿ ಇರೋ ಜಾಗಕ್ಕೆ ಉಡಾಫೆ ಮಾಡ್ಕೊಂಡು ಹೋಗಿ ಅಂತಿಲ್ಲ, ಅಲ್ಲಿ ಒಬ್ರೇ ಕ್ಯಾಂಪ್ ಮಾಡ್ಬಾರ್ದು ಅಂತ ನಿಯಮ ಇದ್ರೆ ಮಾಡ್ಬೇಡಿ, ಕಿಲಿಮಂಜಾರೋ ತರ ಗೈಡ್ ಇಲ್ದೆ ಹತ್ತೋಕೆ ಬಿಡದಿರೋ ಜಾಗಗಳೂ ಇವೆ, ಹೋಗೋ ಮುಂಚೆ ತಿಳ್ಕೊಳ್ಳಿ. ನಾನು ಹೇಳ್ತಿರೋದು ಏನಂದ್ರೆ ನೀವು ರಾತ್ರಿಗೆ ಇಟ್ಕೊಂಡಿರೋ ಎಚ್ಚರದಲ್ಲಿ ಅರ್ಧ ತೆಗೆದು ಮಧ್ಯಾಹ್ನಕ್ಕೆ ಇಡಿ. ಸುಸ್ತಾಗಿ, ಹೊಟ್ಟೆ ಖಾಲಿ ಆಗಿ, ಇನ್ನೇನು ಬಂದ್ಬಿಡ್ತು ಅನ್ನೋ ಹೊತ್ತಲ್ಲಿ, ಒದ್ದೆ ಬಂಡೆ ಮೇಲೆ ಕಾಲಿಡುವಾಗ, ಎಡವಟ್ಟು ಆಗೋದು ಅಲ್ಲಿ.

ಈಗ ಆ ಇನ್ನೊಂದು ಬಾಯಿ ವಿಷಯ. ಅದನ್ನ ನೀವೇ ಮಾಡ್ಕೋಬೇಕು, ಮನೇಲಿ ಕೂತು, ಹೊಟ್ಟೆ ತುಂಬಿದ್ದಾಗ, ಮೈ ಬೆಚ್ಚಗಿದ್ದಾಗ. ಮೊದಲ್ನೇದು, ವಾಪಸ್ ತಿರುಗೋ ಟೈಮ್. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಅನ್ನೋ ಬೆಟ್ಟ ಹತ್ತೋ ಆಸಾಮಿ ಒಂದು ಲೆಕ್ಕ ಕೊಟ್ರು, ಈಗ್ಲೂ ಎಲ್ರೂ ಬಳಸ್ತಾರೆ. ಈಗಿನ ಅಳತೇಲಿ ಹೇಳೋದಾದ್ರೆ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದಾರಿ, 900 ಮೀಟರ್ ಏರು ಇದ್ರೆ ಎರಡು ಪ್ಲಸ್ ಒಂದೂವರೆ, ಮೂರೂವರೆ ಗಂಟೆ. ಆದ್ರೆ ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ದೆ ಹೋದಾಗಿನ ಲೆಕ್ಕ, ಬೆನ್ನ ಮೇಲೆ ಟೆಂಟು ನೀರು ಎಲ್ಲ ಹೊತ್ಕೊಂಡು ಹೋಗೋ ನೀವು ನಾನು ಅದಕ್ಕೆ ಅರ್ಧದಷ್ಟು ಸೇರಿಸ್ಕೋಬೇಕು, ಅಂದ್ರೆ ಐದೂಕಾಲು ಗಂಟೆ ಹಿಡಿರಿ. ಸೂರ್ಯ ಮುಳುಗೋ ಟೈಮಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ, ಒಂದು ಗಂಟೆ ಕೈಯಲ್ಲಿ ಉಳಿಸ್ಕೊಳ್ಳಿ, ಸಿಕ್ಕಿದ್ದನ್ನ ಪೇಪರ್ ಮೇಲೆ ಬರೀರಿ. ಆ ಟೈಮ್ ಆಯ್ತಾ, ತುದಿ ನೂರು ಮೀಟರ್ ದೂರ ಇದ್ರೂ ತಿರುಗ್ಬೇಕು. ಅಲ್ಲಿ ನಿಂತು ಯೋಚ್ನೆ ಮಾಡಕ್ಕೆ ಹೋಗ್ಬೇಡಿ ದಯವಿಟ್ಟು, ತುದಿ ಕಣ್ಣಿಗೆ ಕಾಣ್ತಿರುವಾಗ ತಲೆ ಯಾವತ್ತೂ ‘ಇನ್ನೊಂದ್ ಸ್ವಲ್ಪ’ ಅಂತಾನೇ ಹೇಳೋದು.

ಎರಡನೇದು ಹವಾಮಾನ. ಸಾವಿರ ಮೀಟರ್ ಏರಿದ್ರೆ ಸರಾಸರಿ ಆರೂವರೆ ಡಿಗ್ರಿ ಚಳಿ ಹೆಚ್ಚಾಗತ್ತೆ, ಗಾಳಿ ಬೇರೆ. ಗುಡುಗಿನ ಲೆಕ್ಕ ಸುಲಭ, ಮಿಂಚು ಕಂಡ ಮೇಲೆ ಸದ್ದು ಬರೋಕೆ ಮೂರು ಸೆಕೆಂಡ್ ಆದ್ರೆ ಒಂದು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಮ್ಮಿ ಆದ್ರೆ ಬೆಟ್ಟದ ಏಣು, ಒಂಟಿ ಮರ, ಬಯಲು ಎಲ್ಲ ಬಿಟ್ಟು ಕೆಳಗಿಳೀರಿ, ಕೊನೇ ಗುಡುಗು ಕೇಳಿದ್ಮೇಲೆ ಅರ್ಧ ಗಂಟೆ ಮೇಲಕ್ಕೆ ಹೋಗ್ಬೇಡಿ. ಇದರಲ್ಲಿ ಚರ್ಚೆ ಮಾಡೋ ಅಂಥದ್ದು ಏನೂ ಇಲ್ಲ.

ಚಳಿ ಬಗ್ಗೆ ಮಾತ್ರ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು. ಮೈ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋದ್ರೆ ಅದನ್ನ ಹೈಪೋಥರ್ಮಿಯಾ ಅಂತಾರೆ, ಅದಕ್ಕೆ ಹಿಮ ಬೀಳ್ಬೇಕಂತಿಲ್ಲ, ಮಳೆ ಗಾಳಿ ಒದ್ದೆ ಕಾಟನ್ ಬಟ್ಟೆ ಮೂರೂ ಸೇರಿದ್ರೆ ಹತ್ತು ಡಿಗ್ರಿ ವಾತಾವರಣದಲ್ಲೂ ಆಗತ್ತೆ. ಮೊದ್ಲು ಕೈ ಬೆರಳು ಮಾತು ಕೇಳಲ್ಲ, ಮಾತು ತೊದಲತ್ತೆ, ಕಾಲು ಎಡವತ್ತೆ, ಸಿಡಿಮಿಡಿ ಶುರುವಾಗತ್ತೆ. ಇವಷ್ಟೂ ಪಕ್ಕದಲ್ಲಿ ಇರೋರಿಗೆ ಕಾಣೋ ಲಕ್ಷಣ, ಆಗ್ತಿರೋರಿಗೆ ಗೊತ್ತೇ ಆಗಲ್ಲ, ಯಾಕಂದ್ರೆ ಅದನ್ನ ಗಮನಿಸ್ಬೇಕಾದ ತಲೆಗೂ ಜೊತೆಜೊತೇಲೇ ಮಂಕು ಹಿಡಿಯತ್ತೆ. ಗ್ರೂಪಲ್ಲಿ ಯಾರಾದ್ರೂ ‘ಏನ್ ಹಾಗೆ ಮಾತಾಡ್ತಿದೀಯ, ಜಾಕೆಟ್ ಹಾಕ್ಕೋ’ ಅಂತಿದ್ರು. ಒಬ್ರೇ ಇದ್ರೆ? ನಾನು ಒದ್ದೆ ಆದ ದಿನ ಪ್ರತಿ ಸಲ ನಿಂತಾಗ್ಲೂ ಹೆಬ್ಬೆರಳನ್ನ ಅದೇ ಕೈನ ಕಿರುಬೆರಳಿಗೆ ಮುಟ್ಟಿಸಿ ನೋಡ್ತೀನಿ. ಸಲೀಸಾಗಿ ಮುಟ್ಟಿದ್ರೆ ಮುಂದೆ, ಒದ್ದಾಟ ಅನಿಸಿದ್ರೆ ಅಲ್ಲೇ ಗಾಳಿ ತಪ್ಪಿಸ್ಕೊಂಡು ಒಣ ಬಟ್ಟೆ, ಏನಾದ್ರೂ ಸಿಹಿ, ಟೆಂಟ್. ‘ನಂಗೇನೂ ಆಗಿಲ್ಲ’ ಅಂತ ಮನಸ್ಸು ಹೇಳಿದ್ರೂ ಬೆರಳು ಹೇಳಿದ್ದೇ ಫೈನಲ್. ಒಂದು ಜೊತೆ ಒಣ ಬಟ್ಟೆ ಏನೇ ಆದ್ರೂ ಒದ್ದೆ ಆಗದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟಿರಿ, ನಡೀವಾಗ ಹಾಕ್ಬೇಡಿ, ಅದು ಮಲಗೋಕೆ, ಇಲ್ಲಾ ಹೀಗೆ ಬೆರಳು ಕೈಕೊಟ್ಟಾಗ ಮಾತ್ರ.

ಹೊಳೆ ದಾಟೋ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಗ್ರೂಪಲ್ಲಿ ಭುಜ ಭುಜ ಹಿಡ್ಕೊಂಡು ದಾಟಿದ ನೀರನ್ನ ಒಬ್ರೇ ದಾಟಬಹುದು ಅಂದ್ಕೋಬೇಡಿ, ರಭಸ ಇದ್ರೆ ಮೊಣಕಾಲು ಮಟ್ಟದ ನೀರೇ ಆಳನ್ನ ಬೀಳಿಸತ್ತೆ. ಅಗಲ ಇರೋ ಕಡೆ ಹುಡುಕಿ, ಕಿರಿದಾಗಿರೋ ಕಡೆ ಆಳ ಮತ್ತೆ ವೇಗ ಎರಡೂ ಜಾಸ್ತಿ. ಬ್ಯಾಗಿನ ಸೊಂಟದ ಬೆಲ್ಟು ಎದೆ ಬೆಲ್ಟು ಬಿಚ್ಚಿ, ಬಿದ್ರೆ ಬ್ಯಾಗ್ ಕಳಚ್ಕೋಬೇಕು. ಹಿಮ ಕರಗಿ ಬರೋ ಹೊಳೆ ಆದ್ರೆ ಬೆಳಗಿನ ಜಾವ ಕಮ್ಮಿ ಇರತ್ತೆ, ಸಂಜೆ ಹೊತ್ತಿಗೆ ಏರಿರತ್ತೆ, ಹಾಗಾಗಿ ಈ ಕಡೆ ದಡದಲ್ಲೇ ಟೆಂಟ್ ಹಾಕಿ ಬೆಳಿಗ್ಗೆ ದಾಟೋದು ಜಾಣತನ. ಮತ್ತೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಕಾಲು ಜಾರಿದ್ರೆ ಕೆಳಗೆ ಏನಿದೆ? ಬಂಡೆ, ಅಡ್ಡ ಬಿದ್ದ ಮರ, ಜಲಪಾತ ಇದ್ರೆ ಮಾತೇ ಇಲ್ಲ, ವಾಪಸ್.

ದಾರಿ ತಪ್ಪೋದು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತೆ ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಜನರಿಗೆ ಜಿಪಿಎಸ್ ಕಟ್ಟಿ ಜರ್ಮನಿಯ ಕಾಡಲ್ಲಿ, ಸಹಾರಾ ಮರಳುಗಾಡಲ್ಲಿ ‘ನೆಟ್ಟಗೆ ನಡೀರಿ’ ಅಂತ ಬಿಟ್ರು. ಸೂರ್ಯನೋ ಚಂದ್ರನೋ ಕಾಣ್ತಿದ್ದಷ್ಟು ಹೊತ್ತು ಹೆಚ್ಚುಕಮ್ಮಿ ನೆಟ್ಟಗೆ ಹೋದ್ರು, ಮೋಡ ಮುಚ್ಚಿದ್ರೆ ಸುತ್ತು ಹೊಡೆದು ತಾವೇ ನಡೆದ ದಾರಿ ದಾಟ್ಕೊಂಡ್ರು, ಅದು ಅವರ ಗಮನಕ್ಕೂ ಬರ್ಲಿಲ್ಲ. ಅಂದ್ರೆ ‘ನಂಗೆ ದಿಕ್ಕಿನ ಅಂದಾಜು ಚೆನ್ನಾಗಿದೆ’ ಅನ್ನೋ ಮಾತಿಗೆ ಮಂಜಿನಲ್ಲಿ ಬೆಲೆ ಇಲ್ಲ. ಫೋನಲ್ಲಿ ಆಫ್‌ಲೈನ್ ಮ್ಯಾಪ್ ಇಟ್ಕೊಳ್ಳಿ, ನೆಟ್‌ವರ್ಕ್ ಇಲ್ದಿದ್ರೂ ಜಿಪಿಎಸ್ ಕೆಲಸ ಮಾಡತ್ತೆ, ಆದ್ರೆ ಚಳಿಗೆ ಬ್ಯಾಟರಿ ಬೇಗ ಇಳಿಯತ್ತೆ, ರಾತ್ರಿ ಮಲಗೋ ಚೀಲದ ಒಳಗೇ ಇಟ್ಕೊಂಡು ಮಲಗಿ. ಪೇಪರ್ ಮ್ಯಾಪು ದಿಕ್ಸೂಚಿ ಇರ್ಲಿ, ಬಳಸೋಕೆ ಬರ್ಬೇಕು ಮತ್ತೆ, ಬ್ಯಾಗಲ್ಲಿ ಅಲಂಕಾರಕ್ಕೆ ಇಟ್ರೆ ಪ್ರಯೋಜನ ಇಲ್ಲ.

ತಪ್ಪೋದು ಅಂದ್ರೆ ಎಲ್ಲೋ ದೊಡ್ಡ ಸಾಹಸಕ್ಕೆ ಹೋದಾಗ ಅಂತ ಅಂದ್ಕೊಂಡಿರ್ತೀವಿ. 2013ರಲ್ಲಿ ಅಮೆರಿಕದ ಅಪಲೇಚಿಯನ್ ಟ್ರೇಲ್ ಅನ್ನೋ ಉದ್ದದ ಕಾಲ್ದಾರೀಲಿ, ಮೇನ್ ರಾಜ್ಯದಲ್ಲಿ, ಅರವತ್ತು ದಾಟಿದ್ದ ಒಬ್ಬ ಮಹಿಳೆ ಶೌಚಕ್ಕೆ ಅಂತ ದಾರಿ ಬಿಟ್ಟು ಕಾಡೊಳಗೆ ಹೋದ್ರು, ವಾಪಸ್ ದಾರಿ ಸಿಗ್ಲಿಲ್ಲ. ಗಂಡನಿಗೆ ಕಳಿಸಿದ ಮೆಸೇಜ್‌ಗಳು ಸಿಗ್ನಲ್ ಇಲ್ದೆ ಹೋಗ್ಲೇ ಇಲ್ಲ. ದೊಡ್ಡ ಹುಡುಕಾಟ ನಡೀತು, ಆದ್ರೆ ಅವ್ರ ಟೆಂಟು ಮತ್ತೆ ಅವಶೇಷ ಸಿಕ್ಕಿದ್ದು 2015ರಲ್ಲಿ, ದಾರಿಯಿಂದ ಬಹಳ ದೂರವೇನೂ ಅಲ್ಲ. ಮೂರು ವಾರಕ್ಕಿಂತ ಹೆಚ್ಚು ಅವ್ರು ಬದುಕಿದ್ರು ಅಂತ ಅವ್ರ ಡೈರಿಯಿಂದ ಗೊತ್ತಾಯ್ತು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಶೌಚಕ್ಕೆ ನೀರು ಮತ್ತೆ ದಾರಿಯಿಂದ ಸುಮಾರು 60 ಮೀಟರ್ ದೂರ ಹೋಗಿ ಅನ್ನೋದು ಬಹಳ ಕಡೆ ಇರೋ ನಿಯಮ, ಅದು ಸರಿಯಾದ ನಿಯಮ, ಆದ್ರೆ ದಟ್ಟ ಕಾಡಲ್ಲಿ 60 ಮೀಟರ್ ಅಂದ್ರೆ ದಾರಿ ಕಾಣಲ್ಲ. ಬ್ಯಾಗ್ ದಾರಿ ಪಕ್ಕ ಬಿಟ್ಟು ಹೋಗೋ ಅಭ್ಯಾಸ ಗ್ರೂಪಿನದು, ಒಬ್ರೇ ಇದ್ದಾಗ ಬ್ಯಾಗ್ ಜೊತೇಲೇ ಇರ್ಬೇಕು, ದಾರಿಗೆ ನೇರ ಅಡ್ಡಡ್ಡ ಹೋಗಿ, ಹೆಜ್ಜೆ ಎಣಿಸ್ಕೊಳ್ಳಿ, ಆಗಾಗ ಹಿಂದೆ ತಿರುಗಿ ನೋಡಿ, ಯಾಕಂದ್ರೆ ವಾಪಸ್ ಬರುವಾಗ ಕಾಡು ಬೇರೆ ತರ ಕಾಣತ್ತೆ. ತಪ್ಪಿದೀನಿ ಅಂತ ಅನುಮಾನ ಬಂದ ಕ್ಷಣ ನಿಂತ್ಬಿಡಿ, ಕೂತ್ಕೊಳ್ಳಿ, ನೀರು ಕುಡೀರಿ. ಸೀಟಿ ಕೊರಳಲ್ಲೇ ಇರ್ಲಿ, ಬ್ಯಾಗ್ ತಳದಲ್ಲಿ ಬೇಡ. ಆಲ್ಪ್ಸ್ ಕಡೆಯ ಸಂಕೇತ ನಿಮಿಷಕ್ಕೆ ಆರು ಸಲ ಊದೋದು, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರವಾಗಿ ಮೂರು ಕೇಳಿಸಿದ್ರೆ ನಿಮ್ ಸದ್ದು ಯಾರಿಗೋ ತಲುಪಿದೆ ಅಂತ ಲೆಕ್ಕ.

ಸ್ಯಾಟಲೈಟ್ ಬೀಕನ್, ಅಂದ್ರೆ ಆಪತ್ತಲ್ಲಿ ಬಟನ್ ಒತ್ತಿದ್ರೆ ಉಪಗ್ರಹದ ಮೂಲಕ ರಕ್ಷಣೆಯವರಿಗೆ ಸುದ್ದಿ ಮುಟ್ಟಿಸೋ ಸಾಧನದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. 406 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸೋ ಪರ್ಸನಲ್ ಲೊಕೇಟರ್ ಬೀಕನ್‌ಗಳು ಕಾಸ್ಪಾಸ್-ಸಾರ್ಸಾಟ್ ಅನ್ನೋ ಅಂತರರಾಷ್ಟ್ರೀಯ ವ್ಯವಸ್ಥೆಗೆ ಸೇರಿದ್ದು, 1982ರಿಂದ ಜೀವ ಉಳಿಸ್ತಾ ಬಂದಿರೋ ವ್ಯವಸ್ಥೆ, ಒಳ್ಳೇದೇ. ಆದ್ರೆ ಕೆಲವು ದೇಶಗಳಲ್ಲಿ ಸ್ಯಾಟಲೈಟ್ ಫೋನು, ಮೆಸೆಂಜರು ಅನುಮತಿ ಇಲ್ದೆ ಇಟ್ಕೊಂಡ್ರೆ ಪೊಲೀಸ್ ಕೇಸ್ ಆಗತ್ತೆ, ಹೋಗೋ ಜಾಗದ ಕಾನೂನು ನೋಡ್ಕೊಂಡು ತಗೊಳ್ಳಿ. ಮತ್ತೆ ಅದು ಇದೆ ಅಂತ ಬಟನ್ ಇಲ್ದೆ ಹೋಗದ ಜಾಗಕ್ಕೆ ಹೋಗ್ಬೇಡಿ. ಬಟನ್ ಒತ್ತಿದ್ಮೇಲೂ ಜನ ಬರೋಕೆ ಗಂಟೆಗಟ್ಲೆ, ಹವಾಮಾನ ಕೆಟ್ರೆ ದಿನಗಟ್ಲೆ ಆಗಬಹುದು.

ಇನ್ನು ತಲೆ ಕೆಡಲ್ವಾ ಅನ್ನೋ ಪ್ರಶ್ನೆ. ನನ್ ಅನುಭವ ಹೇಳ್ತೀನಿ, ಬೇರೆಯವರದ್ದು ಬೇರೆ ಇರಬಹುದು. ಮೊದಲ್ನೇ ದಿನ ತಲೆ ತುಂಬಾ ಗಲಾಟೆ, ಆಫೀಸಲ್ಲಿ ಯಾರೋ ಆಡಿದ್ ಮಾತು, ಕಟ್ಟದೇ ಇರೋ ಬಿಲ್ಲು, ಎಲ್ಲೋ ಕೇಳಿದ ಹಾಡಿನ ಎರಡೇ ಸಾಲು ಬಿಡದೆ ತಿರುಗ್ತಾ ಇರತ್ತೆ, ಇಷ್ಟು ದೂರ ಬಂದಿದ್ದು ಇದಕ್ಕಾ ಅನಿಸತ್ತೆ. ತುಂಬಾ ಜನ ಅವತ್ತೇ ವಾಪಸ್ ಬಂದ್ಬಿಡ್ತಾರೆ, ‘ನಂಗೆ ಸೋಲೋ ಆಗಿ ಬರಲ್ಲ’ ಅಂತ. ಪಾಪ, ಇನ್ನೊಂದು ರಾತ್ರಿ ಇರ್ಬೇಕಿತ್ತು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಆ ಟೇಪ್ ನಿಧಾನ ಆಗತ್ತೆ, ಆಮೇಲೆ ಗೊತ್ತಿಲ್ದಂಗೆ ಬಾಯಿ ಬಿಟ್ಟು ಮಾತಾಡೋಕೆ ಶುರು ಮಾಡ್ತೀನಿ, ‘ಈ ಕಲ್ಲು ಅಲ್ಲಾಡತ್ತೆ ನೋಡ್ಕೋ’, ‘ನೀರು ಎಷ್ಟಿದೆ ನೋಡು’. ಇದು ಹುಚ್ಚಲ್ಲ, ಇದನ್ನ ಬೆಳೆಸಿ ಅಂತಾನೇ ಹೇಳ್ತೀನಿ. ಜೋರಾಗಿ ಹೇಳಿದಾಗ ದಡ್ಡ ಪ್ಲಾನ್ ದಡ್ಡದಾಗೇ ಕೇಳಿಸತ್ತೆ, ತಲೆ ಒಳಗೇ ಇದ್ರೆ ಜಾಣ ಪ್ಲಾನ್ ತರ ನಟಿಸ್ತಿರತ್ತೆ.

ತುಂಬಾ ಸುಸ್ತಾದಾಗ ಯಾರೋ ಜೊತೇಲಿ ನಡೀತಿದಾರೆ ಅಂತಾನೂ ಅನಿಸಬಹುದು, ಹೆದರ್ಬೇಡಿ. 1916ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕಾ ಯಾನಕ್ಕೆ ಹೋಗಿದ್ದ ಅರ್ನೆಸ್ಟ್ ಶ್ಯಾಕಲ್ಟನ್, ಫ್ರಾಂಕ್ ವರ್ಸ್ಲಿ, ಟಾಮ್ ಕ್ರೀನ್ ಮೂರೇ ಜನ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಹಿಮಬೆಟ್ಟಗಳನ್ನ ಸುಮಾರು 36 ಗಂಟೆ ಬಿಡದೆ ನಡೆದು ದಾಟಿದ್ರು, ಆಮೇಲೆ ಅವ್ರು ಹೇಳಿದ್ದು ನಮ್ಮ ಜೊತೆ ನಾಲ್ಕನೆಯವರು ಒಬ್ರು ಇದ್ದ ಹಾಗೆ ಅನಿಸ್ತು ಅಂತ. 2006ರಲ್ಲಿ ಸ್ವಿಟ್ಜರ್ಲೆಂಡ್ ಸಂಶೋಧಕರು ಮೂರ್ಛೆರೋಗದ ಪರೀಕ್ಷೆಗೆ ಬಂದಿದ್ದ ಒಬ್ಬ ರೋಗಿಯ ಮೆದುಳಿನ ಎಡಭಾಗದ ಒಂದು ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಹಿಂದೆ ಯಾರೋ ನೆರಳಿನ ತರ ಇದಾರೆ ಅಂತ ಅವ್ರಿಗೆ ಅನಿಸ್ತು. ಅಂದ್ರೆ ದೆವ್ವ ಗಿವ್ವ ಅಲ್ಲ, ಮೆದುಳಿಗೆ ಹಾಗೆ ಮಾಡೋ ಶಕ್ತಿ ಇದೆ. ನಾನಂತೂ ಹಾಗೆ ಅನಿಸಿದ್ರೆ ಅದನ್ನ ಸುಸ್ತಿನ ಮೀಟರ್ ಅಂತ ತಗೊಳ್ತೀನಿ, ಅವತ್ತಿಗೆ ನಡಿಗೆ ಬಂದ್, ಉಂಡು ಮಲಗೋದೇ.

ಮನುಷ್ಯರ ಭಯದ ಬಗ್ಗೆ ನೀವು ಬರ್ದಿಲ್ಲ, ಆದ್ರೆ ಒಬ್ಳೇ ಹೋಗೋರೆಲ್ಲರ ತಲೇಲೂ ಇರತ್ತೆ, ನನ್ ತಲೇಲೂ ಇದೆ. ರಸ್ತೆಗೆ ಹತ್ರ, ವಾಹನ ಬರೋ ಜಾಗದಲ್ಲಿ ಕ್ಯಾಂಪ್ ಮಾಡಲ್ಲ. ಎಲ್ಲಿದೀನಿ ಅಂತ ಅಲ್ಲಿಂದಲೇ ಫೋಟೋ ಹಾಕಲ್ಲ, ವಾಪಸ್ ಬಂದ್ಮೇಲೆ ಹಾಕ್ತೀನಿ. ದಾರೀಲಿ ಸಿಕ್ಕೋರು ‘ಒಬ್ರೇನಾ’ ಅಂದ್ರೆ ‘ಇಲ್ಲ, ನಮ್ಮೋರು ಹಿಂದೆ ಬರ್ತಿದಾರೆ’ ಅಂತೀನಿ, ಈ ಸುಳ್ಳಿಗೆ ನಂಗೇನೂ ಬೇಜಾರಿಲ್ಲ. ಯಾರನ್ನಾದ್ರೂ ನೋಡಿ ಸರಿ ಇಲ್ಲ ಅನಿಸಿದ್ರೆ ಕಾರಣ ಹುಡುಕ್ತಾ ಕೂರ್ಬೇಡಿ, ಟೆಂಟ್ ಹಾಕಿದ್ರೂ ಬಿಚ್ಚಿ ಮುಂದೆ ಹೋಗಿ.

ಶುರು ಹೇಗೆ ಮಾಡೋದು ಅಂದ್ರೆ, ಗ್ರೂಪ್ ಜೊತೆ ಈಗಾಗ್ಲೇ ಹೋಗಿರೋ ದಾರೀಲೇ ಒಂದು ಹಗಲು ಒಬ್ರೇ ಹೋಗ್ಬನ್ನಿ. ಆಮೇಲೆ ಅದೇ ಜಾಗದಲ್ಲಿ ಒಂದು ರಾತ್ರಿ, ಎರಡು ಗಂಟೇಲಿ ಜನ ಇರೋ ಕಡೆ ತಲುಪೋ ಅಷ್ಟು ದೂರದಲ್ಲಿ. ಹೊಸ ಜಾಗ, ಹೊಸ ಟೆಂಟು, ಹೊಸ ಶೂ, ಒಬ್ರೇ, ಎಲ್ಲ ಒಟ್ಟಿಗೆ ಬೇಡ. ಹೊಸದು ಒಂದೇ ಇರ್ಲಿ. 3000 ಮೀಟರ್‌ಗಿಂತ ಎತ್ತರದ ಜಾಗ ಮಾತ್ರ ಸದ್ಯಕ್ಕೆ ಒಬ್ರೇ ಬೇಡ, ಅಲ್ಲಿ ದಿನಕ್ಕೆ 500 ಮೀಟರ್‌ಗಿಂತ ಮೇಲೆ ಹೋಗಿ ಮಲಗ್ಬಾರ್ದು, ಮೂರ್ನಾಲ್ಕು ದಿನಕ್ಕೊಮ್ಮೆ ಸುಮ್ನೆ ಕೂರ್ಬೇಕು ಅನ್ನೋ ನಿಯಮ ಪಾಲಿಸಿದ್ರೂ ಎತ್ತರದ ಕಾಯಿಲೆ ಬರಬಹುದು, ಅದೂ ಚಳಿ ತರಾನೇ, ಜೋರಾದ್ರೆ ವಿವೇಚನೆಗೂ ಕೈ ಹಾಕತ್ತೆ.

ಕೊನೇದಾಗಿ ಮನೆಯವರು. ಅವರನ್ನ ಒಪ್ಪಿಸೋಕೆ ಧೈರ್ಯದ ಭಾಷಣ ಬೇಡ, ಕೆಲಸ ಕೊಡಿ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಬ್ಲೂಜಾನ್ ಕಣಿವೇಲಿ ಏರನ್ ರಾಲ್ಸ್ಟನ್ ಕೈ ಮೇಲೆ ಬಂಡೆ ಕೂತು ಐದು ದಿನಕ್ಕೂ ಹೆಚ್ಚು ಸಿಕ್ಕಿಬಿದ್ದು ಕೊನೆಗೆ ತನ್ನ ಕೈಯನ್ನ ತಾನೇ ಕತ್ತರಿಸ್ಕೊಂಡು ಹೊರಗೆ ಬಂದ್ರಲ್ಲ, ಅವ್ರು ಹೊಸಬರಲ್ಲ, ಪಳಗಿದ ಪರ್ವತಾರೋಹಿ, ಆದ್ರೆ ಎಲ್ಲಿಗೆ ಹೋಗ್ತಿದೀನಿ ಅಂತ ಯಾರಿಗೂ ಹೇಳಿರ್ಲಿಲ್ಲ. ನೀವು ಒಂದು ಹಾಳೇಲಿ ಬರೀರಿ: ಯಾವ ದಾರಿ, ಎಲ್ಲೆಲ್ಲಿ ರಾತ್ರಿ, ಟೆಂಟಿನ ಬಣ್ಣ, ಜಾಕೆಟ್ ಬಣ್ಣ, ಶೂ ಸೈಜು, ಗಾಡಿ ಎಲ್ಲಿ ನಿಲ್ಸಿರ್ತೀನಿ, ಯಾವ ದಿನ ಎಷ್ಟು ಗಂಟೆಗೆ ಫೋನ್ ಮಾಡ್ತೀನಿ, ಮಾಡದಿದ್ರೆ ಎಷ್ಟು ಗಂಟೆಗೆ ಯಾವ ನಂಬರಿಗೆ ಹೇಳ್ಬೇಕು. ಇದನ್ನ ಮನೇಲಿ ತುಂಬಾ ಅಳೋರಿಗೆ ಕೊಡ್ಬೇಡಿ, ಗಡಿಯಾರ ನೋಡಿ ಹೇಳಿದ್ದನ್ನ ಹೇಳಿದ ಹಾಗೆ ಮಾಡೋ ಒಬ್ಬರಿಗೆ ಕೊಡಿ. ಫೋನ್ ಮಾಡೋ ಟೈಮು ಮತ್ತೆ ಸುದ್ದಿ ಮುಟ್ಟಿಸೋ ಟೈಮು ಮಧ್ಯೆ ಐದಾರು ಗಂಟೆ ಅಂತರ ಇಡಿ, ಇಲ್ಲಾಂದ್ರೆ ಸುಮ್ನೆ ತಡ ಆದ್ರೂ ಕತ್ತಲಲ್ಲಿ ಓಡಿ ಬರೋಕೆ ನೋಡ್ತೀರಿ, ಕಾಲು ಮುರಿಯೋದು ಆಗ್ಲೇ. ದಾರಿ ಮಧ್ಯೆ ಪ್ಲಾನ್ ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಸಿಗ್ನಲ್ ಸಿಕ್ಕ ಕಡೆ ತಿಳಿಸಿ. ಇಳಿದು ಬಂದ ತಕ್ಷಣ ಟೀ ಕುಡಿಯೋ ಮುಂಚೆ ಆ ಒಬ್ಬರಿಗೆ ಫೋನ್ ಮಾಡಿ, ನೀವು ಎಲ್ಲೋ ಆರಾಮಾಗಿ ಕೂತಿದ್ದು ಅಲ್ಲಿ ಹತ್ತು ಜನ ಟಾರ್ಚ್ ಹಿಡ್ಕೊಂಡು ಹೊರಟಿದ್ರೆ ಮುಂದಿನ ಸಲ ನಿಜವಾಗ್ಲೂ ಬೇಕಾದಾಗ ಯಾರೂ ಅಷ್ಟು ಬೇಗ ಹೊರಡಲ್ಲ.